ಹೆಸರಿಗೆ ಎಷ್ಟು ಹೆಸರು?



ಯಡೂರಿನ ವೀರಭದ್ರ ದೇವರ ಜಾತ್ರೆಗೆ ಗಡಿಯಾಚೆಯಿಂದ ಬೀಗರೊಬ್ಬರು ಬಂದಿದ್ದರು. ಊಟಕ್ಕೆ ಕುಳಿತಾಗ ಅವರು, “ಈ ವರ್ಷ ನಮ್ಮ ಹೊಲದಾಗ ಕರಡಿ ಭಾಳ ಛಲೋ ಬಂದೈತಿ” ಎಂದರು. ಮನೆಯ ಹುಡುಗ ಕೈಯಲ್ಲಿದ್ದ ತುತ್ತು ಅಲ್ಲೇ ಬಿಟ್ಟು, “ಮಾಮಾ, ಅದು ನಿಮಗ ಕಚ್ಚಲಿಲ್ಲೇನು?” ಎಂದು ಕೇಳಿದ. ಪಂಕ್ತಿಯಲ್ಲಿ ಕುಳಿತವರೆಲ್ಲ ನಕ್ಕರು. ಬೀಗರು ಹೇಳಿದ್ದು ಕಾಡಿನ ಕರಡಿಯಲ್ಲ, ಎಣ್ಣೆಯ ಕುಸುಬಿ. ಮರಾಠಿಯಲ್ಲಿ ಕುಸುಬಿಗೆ ಕರಡಈ, ಕರಡಿ ಎನ್ನುತ್ತಾರೆ.

ಯಡೂರು, ಕಲ್ಲೋಳ, ಮಾಂಜರಿ, ಅಂಕಲಿ, ಕೃಷ್ಣಾ ದಂಡೆಯ ಈ ಊರುಗಳಲ್ಲಿ ಎರಡು ಭಾಷೆಗಳು ಒಂದೇ ಬಾವಿಯ ನೀರು ಕುಡಿಯುತ್ತವೆ. ಕಬ್ಬು ಆ ಬಾಯಲ್ಲಿ ಊಸ ಆಗುತ್ತದೆ, ಕಡಲೆ ಹರಭರಾ, ಅಗಸೆ ಜವಸ, ಗುರೆಳ್ಳು ಕಾರಳೆ, ನವಣೆ ರಾಳೆ. ನಮ್ಮ ಹೆಸರುಕಾಳು ಗಡಿ ದಾಟಿದರೆ ಮೂಗ ಆಗುತ್ತದೆ! ಮಾತಿಲ್ಲದ ಮೂಗ ಅಲ್ಲ, ಕಾಳಿಗೇ ಅವರು ಹಾಗೆ ಹೇಳುವುದು. ಹೀಗೆ ಹೆಸರಿಗೇ ಒಂದಕ್ಕಿಂತ ಹೆಚ್ಚು ಹೆಸರು. ಈ ಹೊತ್ತು ಬೆಳೆ, ಕಸ, ಗಿಡಗಳಿಗೆ ಹೆಸರು ಬಂದ ಬಗೆಯನ್ನು, ಅದರಿಂದ ನಮ್ಮ ಒಕ್ಕಲುತನಕ್ಕೆ ಆದ ಲಾಭ ಹಾನಿಯನ್ನು ಹೇಳಬೇಕೆಂದಿದ್ದೇನೆ.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಕಡೆ. ಅಲ್ಲಿ ಶೇಂಗಾಕ್ಕೆ ಕಡಲೆಕಾಯಿ ಎನ್ನುತ್ತೇವೆ. ಮನೆಯಲ್ಲಿ ಬರೀ “ಕಡ್ಲೆ” ಎಂದರೂ ಸಾಕು. ಕೃಷಿ ಡಿಪ್ಲೊಮಾ ಮುಗಿಸಿ ಈ ಕಡೆಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ಹಿರಿಯ ರೈತರು ಫೋನ್ ಮಾಡಿ, “ಸಾಹೇಬ್ರ, ಕಡ್ಲಿ ಎಲಿ ಹಳದಿ ಆಗಾಕ ಹತ್ಯಾವ, ಏನ್ ಹೊಡೀಲಿ?” ಎಂದು ಕೇಳಿದರು. ಸುಣ್ಣದ ಅಂಶವಿರುವ ಕರಿಮಣ್ಣಿನಲ್ಲಿ ಕಬ್ಬಿಣದ ಕೊರತೆಯಿಂದ ಶೇಂಗಾ ಎಲೆ ಹಳದಿಯಾಗುವುದುಂಟು. ನಾನು ಒಂದು ಕ್ಷಣವೂ ಯೋಚಿಸದೆ ಅನ್ನಭೇದಿಯ ದ್ರಾವಣ ಸಿಂಪಡಿಸಲು ಹೇಳಿಬಿಟ್ಟೆ. ಹತ್ತು ದಿನದ ಮೇಲೆ ಹೊಲಕ್ಕೆ ಹೋಗಿ ನೋಡಿದರೆ ಅಲ್ಲಿ ಶೇಂಗಾ ಇರಲಿಲ್ಲ. ಇದ್ದದ್ದು ಹಿಂಗಾರಿ ಕಡಲೆ; ಅದಕ್ಕೆ ಬಂದದ್ದು ಸೊರಗು ರೋಗ. ಅಷ್ಟರಲ್ಲಿ ರೋಗ ಅರ್ಧ ಹೊಲಕ್ಕೆ ಹಬ್ಬಿತ್ತು. ಔಷಧಿಯ ದುಡ್ಡು ಹೋಯಿತು, ಕೂಲಿ ಹೋಯಿತು, ದಿನಗಳೂ ಹೋದವು. ಹಂಗಾಮು ಯಾವುದೆಂದು ನೋಡಿಯಾದರೂ ನಾನು ತಿಳಿಯಬೇಕಿತ್ತು. ಆ ಹಿರಿಯರು ಬೈಯಲಿಲ್ಲ. “ನಾ ಹೇಳಿದ್ದು ಕಡ್ಲಿ, ನೀವು ಕೇಳಿದ್ದು ಶೇಂಗಾ. ಇಬ್ಬರದೂ ಕನ್ನಡನ, ಆದ್ರ ಬೆಳಿ ಹೋತು” ಎಂದರು. ಆ ಮಾತು ನನಗೆ ಇಂದಿಗೂ ಪಾಠ.

ಹೀಗೆ ಆಗಲು ಇತಿಹಾಸದಲ್ಲಿ ಕಾರಣವಿದೆ. 1956ನೆಯ ಇಸವಿ ನವೆಂಬರ್ 1ರವರೆಗೆ ಚಿಕ್ಕೋಡಿಯ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ತುಮಕೂರು ಮೈಸೂರು ರಾಜ್ಯದಲ್ಲಿತ್ತು. ಎರಡೂ ಕಡೆಯ ಕಚೇರಿ ಬೇರೆ, ಪೇಟೆ ಬೇರೆ, ನೆರೆಯ ಭಾಷೆ ಬೇರೆ. ಮರಾಠಿಯಲ್ಲಿ ಶೇಂಗ ಎಂದರೆ ಯಾವುದೇ ಕಾಯಿಯ ಕೋಡು. ಅದೇ ಮಾತು ನಮ್ಮಲ್ಲಿ ಬೆಳೆಯ ಹೆಸರಾಯಿತು. ಮರಾಠಿಯವರು ಬೆಳೆಗೆ ಭುಯಿಮೂಗ, ಅಂದರೆ ನೆಲದ ಹೆಸರುಕಾಳು ಎಂದರು. ಮೈಸೂರಿನವರು ಕಡಲೆಗೆ ಹೋಲಿಸಿ ಕಡಲೆಕಾಯಿ ಎಂದರು. ಒಕ್ಕಲಿಗ ಹೊಸ ವಸ್ತು ಕಂಡಾಗ ತನಗೆ ಗೊತ್ತಿರುವ ಹಳೆಯ ವಸ್ತುವಿನ ಹೆಸರನ್ನೇ ಅದಕ್ಕೆ ಇಡುತ್ತಾನೆ. ಶೇಂಗಾ ನಮ್ಮ ದೇಶದ್ದಲ್ಲ, ದಕ್ಷಿಣ ಅಮೇರಿಕೆಯಿಂದ ಬಂದದ್ದು. ಮೆಣಸಿನಕಾಯಿಯೂ ಹಾಗೆಯೇ. ಅದು ಬರುವ ಮೊದಲು ನಮಗೆ ಖಾರವೆಂದರೆ ಬಳ್ಳಿಯ ಕರಿಮೆಣಸು. ಹೊಸ ಕಾಯಿಯೂ ಖಾರವಿತ್ತು. ಮೆಣಸಿನಂಥ ಕಾಯಿ ಮೆಣಸಿನಕಾಯಿ ಆಯಿತು. ಮರಾಠಿಯಲ್ಲೂ ಮಿರೀ ಎಂಬ ಕರಿಮೆಣಸಿನಿಂದ ಮಿರ್ಚಿ ಹುಟ್ಟಿತು. ಎರಡು ಭಾಷೆ, ಬುದ್ಧಿ ಮಾತ್ರ ಒಂದೇ.

ಕೆಲವು ಹೆಸರುಗಳು ಬೆಳೆ ಬಂದ ದಾರಿಯನ್ನೇ ಹೇಳುತ್ತವೆ. ನಾವು ಬಟಾಟಿ ಎನ್ನುವುದು, ಪೇರಲ ಎನ್ನುವುದು ಗೋವೆಯ ಪೋರ್ತುಗೀಜರ ಮಾತಿನಿಂದ ಬಂದವು. ಬೆಂಗಳೂರಿಗೆ ಹೋದರೆ ಬಟಾಟಿ ಆಲೂಗಡ್ಡೆಯಾಗುತ್ತದೆ, ಪೇರಲ ಸೀಬೆಯಾಗುತ್ತದೆ. ನಿಪ್ಪಾಣಿಯ ಕಡೆ ಎಕರೆಗಟ್ಟಲೆ ಬೆಳೆಯುವ ತಂಬಾಕೂ ಅಮೇರಿಕೆಯದೇ. ಅಕ್ಬರ ಬಾದಶಹನ ದೂತನಾಗಿ ಬಿಜಾಪುರದ ಆದಿಲಶಾಹಿ ದರ್ಬಾರಿಗೆ ಬಂದಿದ್ದ ಅಸದ್ ಬೇಗ್ ಎಂಬಾತ 1604ರ ಸುಮಾರಿಗೆ ಇಲ್ಲಿಂದಲೇ ತಂಬಾಕು ಒಯ್ದು ಬಾದಶಹನಿಗೆ ತೋರಿಸಿದನು. ಅದನ್ನು ಅವನೇ ಬರೆದಿಟ್ಟಿದ್ದಾನೆ. ತಂಬಾಕು ಎಂಬ ಮಾತು ಬೆಳೆಯ ಸಂಗಡ ಸಮುದ್ರ ದಾಟಿ ಬಂತು. ಹೊಗೆಸೊಪ್ಪು ಎಂಬುದನ್ನು ಮಾತ್ರ ನಮ್ಮವರೇ ಕಟ್ಟಿದರು.

ಇದು ನಮ್ಮ ನಾಡಿನ ಗೊಂದಲ ಮಾತ್ರವಲ್ಲ. ಜಗತ್ತಿನ ಎಲ್ಲ ಕಡೆಯೂ ಹೀಗೆಯೇ ಇತ್ತು. ಯುರೋಪಿನ ಪಂಡಿತರು ಒಂದು ಗಿಡವನ್ನು ಗುರುತಿಸಲು ಲ್ಯಾಟಿನ್ ಭಾಷೆಯಲ್ಲಿ ಒಂದು ಸಾಲು ಉದ್ದದ ವರ್ಣನೆ ಬರೆಯುತ್ತಿದ್ದರು. ಇಂಥ ಎಲೆಯ, ಇಂಥ ಕಾಂಡದ, ಇಂಥ ಹೂವಿನ ಗಿಡ ಎಂದು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ ಎಂಬ ಪಂಡಿತನು 1753ರಲ್ಲಿ ಒಂದು ದೊಡ್ಡ ಗ್ರಂಥ ಅಚ್ಚು ಮಾಡಿಸಿ, ಸುಮಾರು ಆರು ಸಾವಿರ ಗಿಡಗಳಿಗೆ ಎರಡೆರಡೇ ಶಬ್ದದ ಹೆಸರು ಕೊಟ್ಟನು. ಮೊದಲಿನದು ಮನೆತನದ ಹೆಸರು, ಎರಡನೆಯದು ಸ್ವಂತ ಹೆಸರು. ನಮ್ಮ ಕಡೆ “ಪಾಟೀಲರ ಬಸಪ್ಪ” ಎನ್ನುವುದಿಲ್ಲವೇ, ಅದೇ ರೀತಿ. ಊರಲ್ಲಿ ಬಸಪ್ಪ ಎಂಬುವರು ಹತ್ತು ಮಂದಿ ಇರಬಹುದು. ಪಾಟೀಲರ ಮನೆಯ ಬಸಪ್ಪ ಎಂದರೆ ಒಬ್ಬನೇ.

ಮನೆತನ ತಿಳಿದರೆ ಪ್ರಯೋಜನವೇನು? ಕೇಳಿ. ಹೆಸರಿಗೆ ವಿಗ್ನಾ ರೇಡಿಯೇಟಾ ಎಂದು ಹೆಸರು. ಉದ್ದು ವಿಗ್ನಾ ಮುಂಗೊ, ಮಡಿಕೆ ವಿಗ್ನಾ ಅಕೊನಿಟಿಫೋಲಿಯಾ, ಅಲಸಂದಿ ವಿಗ್ನಾ ಉಂಗ್ವಿಕ್ಯುಲಾಟಾ. ನಾಲ್ಕೂ ಒಂದೇ ಮನೆತನದ ಅಣ್ಣತಮ್ಮಂದಿರು. ಹಾಗೆಯೇ ಬದನೆ, ಬಟಾಟಿ, ಟೊಮ್ಯಾಟೊ ಮೂರೂ ಸೊಲಾನಮ್ ಮನೆತನದವು. ನೋಡಲಿಕ್ಕೆ ಒಂದು ಗಡ್ಡೆ, ಒಂದು ಕಾಯಿ, ಒಂದು ಹಣ್ಣು; ಆದರೆ ರಕ್ತ ಒಂದೇ. ಅದಕ್ಕೇ ಒಂದಕ್ಕೆ ಬಂದ ಸೊರಗು ರೋಗ ಇನ್ನೊಂದಕ್ಕೂ ಹತ್ತುತ್ತದೆ. ಬದನೆ ಸೊರಗಿದ ಹೊಲದಲ್ಲಿ ಮರುವರ್ಷ ಟೊಮ್ಯಾಟೊ ಹಚ್ಚಿದರೆ ಬೆಳೆ ಬದಲಿಸಿದಂತೆ ಆಗುವುದಿಲ್ಲ. ವೈರಿಗೆ ಅದೇ ಮನೆಯಲ್ಲಿ ಮತ್ತೊಂದು ಎಲೆ ಹಾಕಿ ಊಟ ಬಡಿಸಿದಂತಾಗುತ್ತದೆ. ಈ ಮಾತನ್ನು ನಮ್ಮ ಭಾಷೆಯ ಮೂರು ಬೇರೆ ಬೇರೆ ಹೆಸರುಗಳು ಹೇಳುವುದಿಲ್ಲ. ಮನೆತನದ ಹೆಸರು ಹೇಳುತ್ತದೆ.

ಹಾಗೆಂದು ಶಾಸ್ತ್ರದ ಹೆಸರು ದೇವರು ಬರೆದ ಬರಹವಲ್ಲ. ಅದರಲ್ಲೂ ತಪ್ಪು ಉಂಟು. ಈಗ ಹೇಳಿದ ಉದ್ದಿನ ಹೆಸರನ್ನೇ ನೋಡಿ, ವಿಗ್ನಾ ಮುಂಗೊ. ಮುಂಗೊ ಎಂಬುದು ನಮ್ಮ ಮೂಗ, ಮುಂಗ್ ಎಂಬ ಮಾತೇ. ಹೆಸರುಕಾಳಿಗೆ ಸೇರಬೇಕಾದ ಮಾತು ಉದ್ದಿನ ಕೊರಳಿಗೆ ಬಿತ್ತು, ಇನ್ನೂ ಹಾಗೆಯೇ ಉಳಿದಿದೆ. ಟೊಮ್ಯಾಟೊವನ್ನು ಲಿನೇಯಸ್ 1753ರಲ್ಲಿ ಸೊಲಾನಮ್ ಮನೆಗೆ ಸೇರಿಸಿದ. 1768ರಲ್ಲಿ ಮಿಲ್ಲರ್ ಎಂಬಾತ ಅದನ್ನು ಬೇರೆ ಮಾಡಿ ಲೈಕೊಪರ್ಸಿಕಾನ್ ಎಂದ. ಈಗ ವಿಜ್ಞಾನಿಗಳು ಮತ್ತೆ ಹಳೆಯ ಮನೆಗೇ ಕರೆತಂದಿದ್ದಾರೆ. ನಮ್ಮ ಜೋಳಕ್ಕೆ ಇಂದಿನ ಹೆಸರಾದ ಸೊರ್ಗಮ್ ಬೈಕಲರ್ ಕೂಡಿಬಂದದ್ದು 1794ರಲ್ಲಿ. ಆದರೆ ಹೆಸರು ಬದಲಾದರೆ ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ದಾಖಲೆ ಇರುತ್ತದೆ. ಹೊಲದ ಉತಾರದಲ್ಲಿ ಹಳೆಯ ಮಾಲೀಕನ ಹೆಸರು ಸಿಗುವಂತೆ ಹಳೆಯ ಹೆಸರೂ ಸಿಗುತ್ತದೆ. ಇದೇ ಅದರ ಗುಣ.

ಇನ್ನೊಂದು ಮಾತು. ಈ ಹೆಸರುಗಳೆಲ್ಲ ಪರದೇಶದ ಪಂಡಿತರ ತಲೆಯಿಂದಲೇ ಬಂದವು ಎಂದು ತಿಳಿಯಬೇಡಿರಿ. ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ನೀರು ಹುಡುಕುವ ವಿದ್ಯೆಯೂ ಇದೆ, ಗಿಡ ಬೆಳೆಸುವ ವಿದ್ಯೆಯೂ ಇದೆ. ಮುಂದೆ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ‘ಹೊರ್ಟಸ್ ಮಲಬಾರಿಕಸ್’ ಎಂಬ ಗ್ರಂಥ ಅಚ್ಚಾಯಿತು. ಮಾಡಿಸಿದವನು ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್. ಆದರೆ ಗಿಡಗಳನ್ನು ಗುರುತಿಸಿ ಗುಣ ಹೇಳಿದವರು ಇಟ್ಟಿ ಅಚ್ಯುದನ್ ಎಂಬ ಮಲೆಯಾಳದ ವೈದ್ಯರು. ಅವರೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರು. ಅದರ ಚಿತ್ರಗಳಲ್ಲಿ ಮಲೆಯಾಳ, ಕೊಂಕಣಿ, ಅರಬ್ಬೀ, ಲ್ಯಾಟಿನ್ ಹೆಸರುಗಳನ್ನು ಕೂಡಿಸಿ ಕೆತ್ತಿದರು. ಲಿನೇಯಸ್ ನಮ್ಮ ದೇಶಕ್ಕೆ ಕಾಲಿಡಲಿಲ್ಲ. ಇಲ್ಲಿಯ ಎಷ್ಟೋ ಗಿಡಗಳನ್ನು ಅವನು ಆ ಗ್ರಂಥದಿಂದಲೇ ತಿಳಿದುಕೊಂಡನು. ನಮ್ಮ ಹೊಂಗೆ ಮರಕ್ಕೆ ಶಾಸ್ತ್ರದಲ್ಲಿ ಪೊಂಗಾಮಿಯಾ ಎನ್ನುತ್ತಾರೆ. ಹಳಗನ್ನಡದ ಪಾಲು ಹಾಲಾದಂತೆ, ಪೊಂಗೆ ಹೊಂಗೆಯಾಯಿತು. ಲ್ಯಾಟಿನ್ ಉಡುಪಿನ ಒಳಗೆ ಇರುವುದು ನಮ್ಮ ದಕ್ಷಿಣದ ಮಾತೇ. ಹೊಲದ ಬದುವಿನ ಜ್ಞಾನ ಹೀಗೆ ಜಗತ್ತಿನ ಪುಸ್ತಕ ಸೇರಿದೆ.

ಇನ್ನು ಹೆಸರು ತಿಳಿಯದೆ ಕೆಟ್ಟ ಕಥೆಯೊಂದನ್ನು ಹೇಳುತ್ತೇನೆ. ಪಾಪಾಸಕಳ್ಳಿ ನಿಮಗೆಲ್ಲ ಗೊತ್ತು. ಎಲೆಯ ಆಕಾರ ಪಾಪಾಸಿನಂತೆ, ಅಂದರೆ ಕೆರದಂತೆ ಇದೆಯೆಂದು ನಾವು ಪಾಪಾಸಕಳ್ಳಿ ಎಂದೆವು. ಹಾವಿನ ಹೆಡೆಯಂತೆ ಇದೆಯೆಂದು ಮರಾಠಿಯವರು ಫಡ್ಯಾ ನಿವಡುಂಗ ಎಂದರು. ಇದೂ ಅಮೇರಿಕೆಯ ಗಿಡ. ಇದರ ಮೇಲೆ ಬೆಳೆಯುವ ಒಂದು ಹುಳದಿಂದ ಬೆಲೆಬಾಳುವ ಕೆಂಪು ಬಣ್ಣ ಸಿಗುತ್ತದೆ. ಆ ಬಣ್ಣದ ಆಸೆಯಿಂದ 1795ರಲ್ಲಿ ಬ್ರಾಜಿಲ್‌ನಿಂದ ಹುಳ ತರಿಸಿದರು. ಬಂದದ್ದು ಆ ಹುಳವಲ್ಲ, ಅದರ ದಾಯಾದಿ. ಒಳ್ಳೆಯ ಬಣ್ಣ ಬರಲಿಲ್ಲ, ಬದಲಿಗೆ ಹುಳ ಕಳ್ಳಿಯನ್ನೇ ತಿಂದು ಮುಗಿಸಿತು. ಇದು ಒಳ್ಳೆಯದೇ ಆಯಿತೆಂದು, ಕಳ್ಳಿಯ ಕಾಟವಿದ್ದ ದಕ್ಷಿಣದ ಸೀಮೆಗೂ ಅದನ್ನು ತಂದು ಬಿಟ್ಟರು. ಆದರೆ ಅದು ಒಂದು ಜಾತಿಯ ಕಳ್ಳಿಯನ್ನು ತಿಂದಿತು. ಪಕ್ಕದಲ್ಲೇ ಇದ್ದ ಇನ್ನೊಂದು ಜಾತಿಯನ್ನು ಮುಟ್ಟಲೂ ಇಲ್ಲ. ಜನರಿಗೆ ಎರಡೂ ಪಾಪಾಸಕಳ್ಳಿ. ಹುಳಕ್ಕೆ ಮಾತ್ರ ವ್ಯತ್ಯಾಸ ತಿಳಿದಿತ್ತು! ಉಳಿದ ಕಳ್ಳಿ ಹೊಲ, ಗಾಯರಾಣ ಎಲ್ಲ ನುಂಗುತ್ತ ಬಂತು. ಕಡೆಗೆ ಆ ಜಾತಿಗೆ ತಕ್ಕ ಬೇರೆ ಹುಳವನ್ನು 1926ರಲ್ಲಿ ಸಿಂಹಳದಿಂದ ತಂದು ಬಿಟ್ಟ ಮೇಲೆ ಐದಾರು ವರ್ಷಗಳಲ್ಲಿ ಸಾವಿರಾರು ಎಕರೆ ಭೂಮಿ ತೆರವಾಯಿತು. ಒಂದು ಹೆಸರಿನ ಹಿಂದೆ ಎರಡು ಗಿಡ ಇದ್ದುದಕ್ಕೆ ರೈತ ಕಾದದ್ದು ನೂರು ವರ್ಷಕ್ಕೂ ಹೆಚ್ಚು.

ಹೆಸರು ತಿಳಿದುದರಿಂದ ಆದ ಉಪಕಾರವನ್ನೂ ಕೇಳಿ. ನಾವು ಕಾಂಗ್ರೆಸ್ ಕಸ ಎನ್ನುತ್ತೇವೆ, ಮರಾಠಿಯವರು ಗಾಜರ ಗವತ, ಅಂದರೆ ಗಜ್ಜರಿ ಹುಲ್ಲು ಎನ್ನುತ್ತಾರೆ. ಗಜ್ಜರಿ ಎಲೆಯಂತೆ ಇದೆ, ಅಷ್ಟೆ. ಗಜ್ಜರಿಯೂ ಅಲ್ಲ, ಹುಲ್ಲೂ ಅಲ್ಲ. ಕಿತ್ತವರ ಮೈಗೆ ತುರಿಕೆ, ತಿಂದ ದನದ ಹಾಲು ಕಹಿ. 1955ರಲ್ಲಿ ಪುಣೆಯಲ್ಲಿ ಇದನ್ನು ಕಂಡು, ಇದು ಪಾರ್ಥೇನಿಯಮ್ ಹಿಸ್ಟೆರೋಫೋರಸ್ ಎಂದು ಗುರುತಿಸಿದರು. ಈ ಎರಡು ಶಬ್ದ ಕೈಗೆ ಸಿಕ್ಕ ಕೂಡಲೇ ಗಿಡದ ಊರು, ಕೇರಿ, ಬಂಧುಬಳಗ ಎಲ್ಲ ತಿಳಿಯಿತು. ಅದರ ತವರು ಅಮೇರಿಕಾ ಖಂಡ. ತವರಿನಲ್ಲಿ ಅದನ್ನು ತಿನ್ನುವ ಕೀಟ ಇರಲೇಬೇಕಲ್ಲ? ಹುಡುಕಿ ಮೆಕ್ಸಿಕೊದಿಂದ ಒಂದು ಸಣ್ಣ ದುಂಬಿಯನ್ನು ತಂದು, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಬದುವಿನ ಕಸದ ಎಲೆಯೆಲ್ಲ ಜಾಳಿಗೆಯಾಗಿರುವುದನ್ನು ನೀವು ಕಂಡಿರಬಹುದು. ಅದು ಈ ದುಂಬಿಯ ಕೆಲಸ. ಕಸ ಪೂರ್ತಿ ನಾಶವಾಗಿಲ್ಲ. ಹೂ ಬಿಡುವ ಮೊದಲೇ, ಕೈಗೆ ಚೀಲ ಹಾಕಿಕೊಂಡು ಕೀಳುವ ಕೆಲಸ ನಮ್ಮದೇ. ಆದರೂ ನಮಗೊಬ್ಬ ಸಂಬಳವಿಲ್ಲದ ಆಳು ಸಿಕ್ಕಿದ್ದು ಹೆಸರಿನ ಉಪಕಾರದಿಂದ.

ಅರಿಶಿಣದ ಕಥೆ ಇನ್ನೂ ದೊಡ್ಡದು. ಗಾಯಕ್ಕೆ ಅರಿಶಿಣ ಹಚ್ಚುವುದನ್ನು ನಮ್ಮ ಅಜ್ಜಿಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ 1995ರಲ್ಲಿ ಅಮೇರಿಕೆಯಲ್ಲಿ, ಗಾಯ ಮಾಯಿಸಲು ಅರಿಶಿಣ ಬಳಸುವ ವಿಧಾನಕ್ಕೆ ಪೇಟೆಂಟು, ಅಂದರೆ ಏಕಸ್ವಾಮ್ಯದ ಹಕ್ಕು ಕೊಟ್ಟರು. ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು ತಕರಾರು ಸಲ್ಲಿಸಿ, ಹಳೆಯ ಗ್ರಂಥಗಳ ಆಧಾರ ತೋರಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಗ್ರಂಥದ ಹರಿದ್ರಾ, ನಮ್ಮ ಅರಿಶಿಣ, ಮರಾಠಿಯ ಹಳದ, ಹಿಂದಿಯ ಹಲ್ದೀ, ಇವೆಲ್ಲವೂ ಶಾಸ್ತ್ರದ ಕರ್ಕುಮಾ ಲೋಂಗಾ ಎಂಬುದು ಸ್ಥಿರವಾದರೆ ತಾನೆ ಪರದೇಶದ ಅಧಿಕಾರಿ ಒಪ್ಪುವುದು? ಹೆಸರುಗಳ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ದರೂ ಸಾಕ್ಷಿ ನಿಲ್ಲುತ್ತಿರಲಿಲ್ಲ. ಇಂಥ ಪ್ರಸಂಗ ಮತ್ತೆ ಬಾರದಿರಲೆಂದು ಸರಕಾರವು 2001ರಲ್ಲಿ ನಮ್ಮ ಪರಂಪರೆಯ ಔಷಧಜ್ಞಾನವನ್ನೆಲ್ಲ ಶಾಸ್ತ್ರದ ಹೆಸರುಗಳೊಡನೆ ಕೂಡಿಸಿಡುವ ದೊಡ್ಡ ಕೆಲಸ ಆರಂಭಿಸಿತು. ಅದೇ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣೆಯ ಕಾಯದೆಯಂತೆ, ರೈತ ತಾನು ಉಳಿಸಿ ಬೆಳೆಸಿದ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು. ಮನೆಯ ಬೀಜಕ್ಕೆ ನಿಮ್ಮ ಹಿರಿಯರು ಇಟ್ಟ ಹೆಸರು ಮರೆತುಹೋದರೆ ಒಂದು ಸಾಕ್ಷಿಯೇ ಕಳೆದಂತೆ.

ಕಡೆಯದಾಗಿ ಜೀವದ ಮಾತು. ಬೀಳು ಹೊಲದಲ್ಲಿ ಹಳದಿ ಹೂವಿನ, ಮುಳ್ಳೆಲೆಯ, ಮುರಿದರೆ ಹಳದಿ ಹಾಲು ಬರುವ ಗಿಡ ನೋಡಿದ್ದೀರಿ. ಅರಿಶಿಣ ದತ್ತೂರಿ ಎನ್ನುತ್ತಾರೆ. ಮರಾಠಿಯಲ್ಲಿ ಪಿವಳಾ ಧೋತ್ರಾ. ಆದರೆ ಅದು ದತ್ತೂರಿಯ ಮನೆತನದ್ದೇ ಅಲ್ಲ, ಗಸಗಸೆಯ ಬಳಗದ್ದು; ಶಾಸ್ತ್ರದ ಹೆಸರು ಆರ್ಜಿಮೋನ್ ಮೆಕ್ಸಿಕಾನಾ. ಅದರ ಬೀಜ ಸಾಸಿವೆಯಂತೆಯೇ ಕಾಣುತ್ತದೆ. 1998ರಲ್ಲಿ ದಿಲ್ಲಿಯಲ್ಲಿ ಈ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ಉಂಡು, ಕಾಲು ಬಾತು, ಉಸಿರು ಕಟ್ಟಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ನಿಜವಾದ ದತ್ತೂರಿ, ಅಂದರೆ ಮದಗುಣಕಿಯ ವಿಷವೇ ಬೇರೆ, ಉಪಚಾರವೇ ಬೇರೆ. ಹಾಗೆಯೇ ಬೇಲಿಯ ಕಾಡುಹರಳು ಹೆಸರಿಗೆ ಹರಳು, ಔಡಲ ಅಲ್ಲ. ಅದರ ಬೀಜವನ್ನು ಶೇಂಗಾದಂತೆ ತಿಂದು ಶಾಲೆಯ ಮಕ್ಕಳು ವಾಂತಿಭೇದಿಯಿಂದ ದವಾಖಾನೆ ಸೇರಿದ ಪ್ರಸಂಗಗಳು ನಮ್ಮ ದೇಶದಲ್ಲಿ ಅನೇಕ ಆಗಿವೆ. ಅಂಥ ಹೊತ್ತಿನಲ್ಲಿ ವೈದ್ಯರಿಗೆ ಬರೀ “ಹರಳು ತಿಂದಾನ” ಎಂದು ಹೇಳಿದರೆ ಸಾಲದು. ಕೂಸಿನೊಡನೆ ಗಿಡದ ಟೊಂಗೆಯನ್ನೂ, ಬೀಜವನ್ನೂ ಒಯ್ಯಿರಿ. ದನ ಏನಾದರೂ ತಿಂದು ಉಬ್ಬರಿಸಿದಾಗಲೂ ಹಾಗೆಯೇ ಮಾಡಿರಿ.

ಹಾಗಾದರೆ ಒಕ್ಕಲಿಗರು ಲ್ಯಾಟಿನ್ ಕಲಿಯಬೇಕೇ? ಬೇಡ. ನೀವು ಮಾಡಬೇಕಾದದ್ದು ಸ್ವಲ್ಪ. ಗೊತ್ತಿಲ್ಲದ ಕಸ ಹೊಲದಲ್ಲಿ ಕಂಡರೆ ಬೇರು, ಎಲೆ, ಹೂ, ಕಾಯಿ ಸಮೇತ ಒಂದು ಗಿಡ ಕಿತ್ತು, ಹಳೆಯ ವರ್ತಮಾನಪತ್ರದ ನಡುವೆ ಇಟ್ಟು, ಮೇಲೆ ಭಾರ ಹೇರಿರಿ. ದಿನಾಲು ಪತ್ರಿಕೆ ಬದಲಿಸಿದರೆ ವಾರದೊಳಗೆ ಒಣಗುತ್ತದೆ. ಪಕ್ಕದಲ್ಲಿ ಊರು, ಹೊಲ, ದಿನಾಂಕ, ನಿಮ್ಮ ಮನೆಯಲ್ಲಿ ಅದಕ್ಕೆ ಹೇಳುವ ಹೆಸರು ಬರೆಯಿರಿ. ಕನ್ನಡದ್ದೂ ಬರಲಿ, ಮರಾಠಿಯದ್ದೂ ಬರಲಿ. ರೈತ ಸಂಪರ್ಕ ಕೇಂದ್ರಕ್ಕೆ ತಂದುಕೊಟ್ಟರೆ ಗುರುತು ಹಿಡಿಯುವ ಜವಾಬ್ದಾರಿ ನಮ್ಮದು. ಔಷಧಿ ಕೊಳ್ಳುವಾಗ ಬೆಳೆಯ ಹೆಸರಿನೊಡನೆ ಬಿತ್ತಿದ ತಿಂಗಳನ್ನೂ ಹೇಳಿರಿ. ಸಾಧ್ಯವಾದರೆ ಎಲೆಯನ್ನೇ ತೋರಿಸಿರಿ. ತಾಯಂದಿರಲ್ಲಿ ಒಂದು ಬೇಡಿಕೆ: ಹಿತ್ತಲಿನ, ಬದುವಿನ ಸೊಪ್ಪುಗಳ ಹೆಸರು ಗಂಡಸರಿಗಿಂತ ನಿಮಗೆ ಹೆಚ್ಚು ಗೊತ್ತು. ಶಾಲೆಗೆ ಹೋಗುವ ಮಕ್ಕಳ ಕೈಯಿಂದ ಅವನ್ನು ಒಂದು ವಹಿಯಲ್ಲಿ ಬರೆಸಿಡಿರಿ.

ನನಗೆ ಪಾಠ ಕಲಿಸಿದ ಆ ಹಿರಿಯರು ಈಗಲೂ ಫೋನ್ ಮಾಡುತ್ತಾರೆ. ಮೊದಲಿಗೇ ನಗುತ್ತ, “ಸಾಹೇಬ್ರ, ಕಡ್ಲಿ ಅಂದ್ರ ಹರಭರಾ, ಶೇಂಗಾ ಅಲ್ಲ” ಎಂದು ಹೇಳಿಯೇ ಮುಂದಿನ ಮಾತು ಎತ್ತುತ್ತಾರೆ. ನಾನೂ, “ಎಲಿ ತಗೊಂಡು ಬರ್ರಿ, ಕಣ್ಣೀಲೆ ನೋಡಿ ಹೇಳ್ತೀನಿ” ಎನ್ನುತ್ತೇನೆ.